ಅಪಘಾತವನ್ನು ಮೊದಲೇ ನಡೆಸಿ ನೋಡುವುದು: ತೈಲ ಮತ್ತು ಅನಿಲ ಉದ್ಯಮದಲ್ಲಿ ಸಿಮ್ಯುಲೇಟರ್

ದಾಭೋಲ್‌ನಿಂದ ಬೆಂಗಳೂರಿನವರೆಗೆ ಸುಮಾರು ಸಾವಿರ ಕಿಲೋಮೀಟರ್ ಸಾಗುವ ನೈಸರ್ಗಿಕ ಅನಿಲದ ಕೊಳವೆಮಾರ್ಗವು 2013ರಿಂದ ಬೆಳಗಾವಿ, ಧಾರವಾಡ, ಗದಗ ಜಿಲ್ಲೆಗಳ ಎರೆಹೊಲಗಳ ಅಡಿಯಲ್ಲಿ ಹಾದುಹೋಗುತ್ತಿದೆ. ಹಿಂಗಾರಿ ಜೋಳ, ಕಡಲೆ ಬಿತ್ತುವ ರೈತನಿಗೆ ಬದುವಿನಲ್ಲಿ ನೆಟ್ಟ ಗುರುತಿನ ಕಂಬವೊಂದನ್ನು ಬಿಟ್ಟರೆ ಅದರ ಇರವೇ ಗೊತ್ತಾಗುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಹಲವು ಬಡಾವಣೆಗಳ ಅಡುಗೆಮನೆಗೆ ಈಗ ಅನಿಲ ಕೊಳವೆಯಲ್ಲೇ ಬರುತ್ತದೆ. ಪೆಟ್ರೋಲ್, ಡೀಸೆಲ್ ಮತ್ತು ಅಡುಗೆ ಅನಿಲ ತುಂಬಿದ ಟ್ಯಾಂಕರ್‌ಗಳು ಕರಾವಳಿಯಿಂದ ಘಟ್ಟ ಹತ್ತಿ ನಮ್ಮ ಬೈಪಾಸ್ ರಸ್ತೆಯನ್ನು ಹಾಯುತ್ತವೆ. ಇಲ್ಲಿನ ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು ಮಂಗಳೂರು, ಜಾಮ್‌ನಗರ ಮತ್ತು ಕೊಲ್ಲಿ ದೇಶಗಳ ಶುದ್ಧೀಕರಣಾಗಾರಗಳಲ್ಲಿ ಪಾಳಿ ಮಾಡುತ್ತಾರೆ. ನಮ್ಮಲ್ಲಿ ಎಣ್ಣೆಬಾವಿ ಇಲ್ಲ, ಶುದ್ಧೀಕರಣಾಗಾರವೂ ಇಲ್ಲ. ಆದರೂ ಈ ಉದ್ಯಮದಲ್ಲಿ ಮನುಷ್ಯರು ಹೇಗೆ ಸಾಯುತ್ತಾರೆ, ಸಾಯದಂತೆ ನೋಡಿಕೊಳ್ಳಲು ಏನು ಮಾಡಬಹುದು ಎಂಬುದು ನಮಗೆ ದೂರದ ವಿಷಯವಲ್ಲ.

ಈ ಉದ್ಯಮದ ಸುರಕ್ಷತೆಗೆ ಒಂದು ವಿಚಿತ್ರ ತೊಡಕಿದೆ. ದೊಡ್ಡ ಅನಾಹುತಗಳು ಇಲ್ಲಿ ಬಲು ಅಪರೂಪ, ಅಪರೂಪವಾಗಿರುವುದರಿಂದಲೇ ಅನುಭವವು ಅವುಗಳ ಬಗ್ಗೆ ಏನನ್ನೂ ಕಲಿಸುವುದಿಲ್ಲ. ಇಪ್ಪತ್ತು ವರ್ಷ ಕಂಟ್ರೋಲ್ ರೂಮಿನಲ್ಲಿ ಕುಳಿತ ಆಪರೇಟರ್ ಇಡೀ ಘಟಕದ ವಿದ್ಯುತ್ ಒಮ್ಮೆಲೇ ಹೋಗುವುದನ್ನು ಒಮ್ಮೆಯೂ ಕಾಣದೆ ನಿವೃತ್ತನಾಗಬಹುದು. ಕಂಡರೆ ಅದನ್ನು ನಿಭಾಯಿಸಲು ಅವನ ಕೈಯಲ್ಲಿ ಕೆಲವೇ ನಿಮಿಷಗಳಿರುತ್ತವೆ. ದಿನನಿತ್ಯದ ಹೊಂದಾಣಿಕೆಗಳನ್ನೆಲ್ಲ ಈಗ ಯಂತ್ರವೇ ಮಾಡುವುದರಿಂದ, ಯಂತ್ರಕ್ಕೆ ತಿಳಿಯದೆ ಹೋದ ಕಠಿಣ ಗಳಿಗೆ ಮಾತ್ರ ಮನುಷ್ಯನ ಪಾಲಿಗೆ ಉಳಿಯುತ್ತದೆ, ಅದೂ ಅಭ್ಯಾಸ ತಪ್ಪಿದ ಕೈಗೆ. ಜಾತ್ರೆಯ ಕುಸ್ತಿಗೆ ಇಳಿಯುವ ಪೈಲ್ವಾನನಿಗೆ ಗರಡಿಯಲ್ಲಿ ನಿತ್ಯ ಜೋಡಿ ಸಿಗುತ್ತದೆ. ಕಂಟ್ರೋಲ್ ರೂಮಿನವನಿಗೆ ಅಂಥ ಜೋಡಿಯನ್ನು ಒದಗಿಸುವುದೇ ಸಿಮ್ಯುಲೇಟರಿನ ಕೆಲಸ.

ಸಿಮ್ಯುಲೇಟರ್ ಎಂದರೆ ಹಲವರು ಕನ್ನಡಕದಂಥ ಉಪಕರಣ ಹಾಕಿಕೊಂಡು ನೋಡುವ ಚಿತ್ರವೆಂದು ತಿಳಿಯುತ್ತಾರೆ. ಆಪರೇಟರ್ ತರಬೇತಿಯ ಸಿಮ್ಯುಲೇಟರಿನಲ್ಲಿ ಚಿತ್ರಕ್ಕಿಂತ ಲೆಕ್ಕವೇ ಮುಖ್ಯ. ಘಟಕದ ಪ್ರತಿ ಟ್ಯಾಂಕು, ಪಂಪು, ಕುಲುಮೆ ಮತ್ತು ವಾಲ್ವ್‌ಗೂ ಕಂಪ್ಯೂಟರಿನೊಳಗೆ ಒಂದೊಂದು ಸಮೀಕರಣದ ಗುಂಪಿರುತ್ತದೆ. ಒಳಗೆ ಬಂದ ದ್ರವದಲ್ಲಿ ಹೊರಗೆ ಹೋದದ್ದನ್ನು ಕಳೆದರೆ ಉಳಿದದ್ದು ಒಳಗೇ ಇರಬೇಕು. ಶಾಖಕ್ಕೂ ಇದೇ ಲೆಕ್ಕ. ಇಂತಿಷ್ಟು ಒತ್ತಡ, ಇಂತಿಷ್ಟು ಉಷ್ಣತೆಯಲ್ಲಿ ಮಿಶ್ರಣದ ಎಷ್ಟು ಪಾಲು ಆವಿ, ಎಷ್ಟು ಪಾಲು ದ್ರವ ಎಂಬುದನ್ನು ಹೇಳುವ ಸೂತ್ರಗಳು ಇವುಗಳ ಜೊತೆಗೆ ಸೇರುತ್ತವೆ. 1976ರಲ್ಲಿ ಪ್ರಕಟವಾದ ಪೆಂಗ್-ರಾಬಿನ್ಸನ್ ಸಮೀಕರಣ ಇಂದಿಗೂ ಈ ಕೆಲಸಕ್ಕೆ ಬಳಕೆಯಲ್ಲಿದೆ. ಈ ಲೆಕ್ಕವೆಲ್ಲ ಕ್ಷಣಕ್ಷಣಕ್ಕೂ ಮರಳಿ ನಡೆದು, ಫಲಿತಾಂಶಗಳು ನಿಜವಾದ ಕಂಟ್ರೋಲ್ ರೂಮಿನಲ್ಲಿ ಕಾಣುವ ಪರದೆಯ ಮೇಲೆಯೇ, ಅದೇ ಬಣ್ಣ ಮತ್ತು ಅದೇ ಅಲಾರಂ ಸದ್ದಿನೊಂದಿಗೆ ಮೂಡುತ್ತವೆ. ಕಲಿಯುವವನು ವಾಲ್ವ್ ಮುಚ್ಚಿದರೆ ಹರಿವು ನಿಲ್ಲುತ್ತದೆ, ಒತ್ತಡ ಏರುತ್ತದೆ, ಅವನು ಸುಮ್ಮನಿದ್ದರೆ ಸುರಕ್ಷತಾ ವಾಲ್ವ್ ತೆರೆದುಕೊಳ್ಳುತ್ತದೆ. ಪಕ್ಕದ ಕೋಣೆಯಲ್ಲಿ ಕುಳಿತ ಬೋಧಕನಿಗೆ ಇವುಗಳ ಮೇಲೆಲ್ಲ ಅಧಿಕಾರವಿರುತ್ತದೆ: ಅವನು ಪಂಪನ್ನು ಕೆಡಿಸಬಲ್ಲ, ವಾಲ್ವನ್ನು ಅರ್ಧಕ್ಕೆ ಸಿಲುಕಿಸಬಲ್ಲ, ಮಾಪಕದಿಂದ ಸುಳ್ಳು ಹೇಳಿಸಬಲ್ಲ, ಕಾಲವನ್ನು ನಿಲ್ಲಿಸಿ ಹತ್ತು ನಿಮಿಷ ಹಿಂದಕ್ಕೆ ಹೋಗಿ ಅದೇ ಘಟ್ಟವನ್ನು ಇನ್ನೊಮ್ಮೆ ಆಡಿಸಬಲ್ಲ.

ಇವುಗಳಲ್ಲಿ ಮಾಪಕದಿಂದ ಸುಳ್ಳು ಹೇಳಿಸುವುದೇ ಎಲ್ಲಕ್ಕಿಂತ ಬೆಲೆಯುಳ್ಳ ಪಾಠವೆಂದು ನಾನು ತಿಳಿದಿದ್ದೇನೆ. ಏಕೆಂಬುದಕ್ಕೆ ಅಮೆರಿಕದ ಟೆಕ್ಸಾಸ್ ಸಿಟಿ ಶುದ್ಧೀಕರಣಾಗಾರದಲ್ಲಿ 2005ರ ಮಾರ್ಚ್ 23ರಂದು ನಡೆದದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು. ದುರಸ್ತಿಗಾಗಿ ನಿಲ್ಲಿಸಿದ್ದ ಘಟಕವೊಂದನ್ನು ಅಂದು ಮತ್ತೆ ಶುರು ಮಾಡುತ್ತಿದ್ದರು. ದ್ರವವನ್ನು ಬಿಸಿ ಮಾಡಿ ಅದರ ಭಾಗಗಳನ್ನು ಬೇರ್ಪಡಿಸುವ, ಸುಮಾರು 52 ಮೀಟರ್ ಎತ್ತರದ ಉಕ್ಕಿನ ಗೋಪುರವೊಂದಕ್ಕೆ ಸುಲಭವಾಗಿ ಹೊತ್ತಿಕೊಳ್ಳುವ ದ್ರವವನ್ನು ಮೂರು ತಾಸಿಗೂ ಹೆಚ್ಚು ಹೊತ್ತು ಹರಿಸಲಾಯಿತು, ಆದರೆ ಕೆಳಗಿನಿಂದ ಅದು ಹೊರಹೋಗಬೇಕಾದ ವಾಲ್ವ್ ಮುಚ್ಚಿಕೊಂಡೇ ಇತ್ತು. ಮಟ್ಟ ತೋರಿಸುವ ಮಾಪಕ ಗೋಪುರದ ಬುಡದ ಸುಮಾರು ಮೂರು ಮೀಟರನ್ನು ಮಾತ್ರ ಅಳೆಯಬಲ್ಲದ್ದಾಗಿತ್ತು. ದ್ರವ ಅದನ್ನು ದಾಟಿ ಎಷ್ಟೋ ಮೇಲೆ ಹೋದ ಮೇಲೂ, ಒಳಗಿನ ದ್ರವ ಬಿಸಿಯಾಗಿ ಹಗುರಾದಂತೆ, ಮಟ್ಟ ನಿಧಾನವಾಗಿ ಇಳಿಯುತ್ತಿದೆಯೆಂದೇ ಅದು ತೋರಿಸುತ್ತ ಹೋಯಿತು. ಇನ್ನೂ ಮೇಲಿನ ಮಟ್ಟಕ್ಕೆಂದು ಬೇರೆಯಾಗಿ ಇಟ್ಟಿದ್ದ ಅಲಾರಂ ಹೊಡೆಯಲೇ ಇಲ್ಲ. ಪರದೆ ಶೇ 78 ಎಂದು ತೋರುತ್ತಿದ್ದ ಹೊತ್ತಿಗೆ ಗೋಪುರದೊಳಗಿನ ನಿಜವಾದ ಮಟ್ಟ 48 ಮೀಟರ್ ಆಗಿತ್ತೆಂದು ತನಿಖೆಯಿಂದ ತಿಳಿಯಿತು. ಕೊನೆಗೆ ದ್ರವ ತುದಿಯಿಂದ ಉಕ್ಕಿ, ಸುರಕ್ಷತಾ ವಾಲ್ವ್‌ಗಳ ಮೂಲಕ ಬಯಲಿಗೆ ತೆರೆದಿದ್ದ ಹಳೆಯ ಚಿಮಣಿಯೊಂದರಿಂದ ಕಾರಂಜಿಯಂತೆ ಚಿಮ್ಮಿತು. ಆವಿಯ ಮೋಡಕ್ಕೆ ಕಿಡಿ ತಗುಲಿತು. 15 ಜನ ಸತ್ತರು, 180 ಜನ ಗಾಯಗೊಂಡರು.

ತನಿಖೆ ಮಾಡಿದ ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ ಎರಡು ಸಂಗತಿಗಳನ್ನು ದಾಖಲಿಸಿದೆ. ಗೋಪುರಕ್ಕೆ ಒಳಬರುವ ಹರಿವು ಒಂದು ಪರದೆಯಲ್ಲಿ, ಹೊರಹೋಗುವ ಹರಿವು ಇನ್ನೊಂದು ಪರದೆಯಲ್ಲಿ ಕಾಣುತ್ತಿದ್ದವು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ವ್ಯವಸ್ಥೆ ಇರಲಿಲ್ಲ. ಹಾಗೆಯೇ, ಘಟಕ ಶುರು ಮಾಡುವಂಥ ಅಪರೂಪದ, ಅಪಾಯದ ಕೆಲಸಗಳನ್ನು ಅಭ್ಯಾಸ ಮಾಡಲು ಅಲ್ಲಿನ ಆಪರೇಟರ್‌ಗಳಿಗೆ ಸಿಮ್ಯುಲೇಟರ್ ಇರಲಿಲ್ಲ, ತರಬೇತಿ ವಿಭಾಗದ ಸಿಬ್ಬಂದಿಯನ್ನು 28ರಿಂದ 8ಕ್ಕೆ ಇಳಿಸಲಾಗಿತ್ತು.

ಇದನ್ನೇ ಅಭ್ಯಾಸವಾಗಿ ಬರೆದರೆ ಹೀಗಾಗುತ್ತದೆ. ಬೋಧಕನು ಮಟ್ಟದ ಮಾಪಕವನ್ನು ಶೇ 78ರ ಆಸುಪಾಸಿನಲ್ಲಿ ಕಟ್ಟಿಹಾಕಿ, ಹೊರಹರಿವನ್ನು ಸೊನ್ನೆಯಾಗಿಸಿ, ಕಲಿಯುವವನಿಗೆ ಏನೂ ಹೇಳದೆ ಸುಮ್ಮನಿರುತ್ತಾನೆ. ಮೊದಲ ಸಲ ಹೆಚ್ಚಿನವರ ಕಣ್ಣು ಮಟ್ಟದ ಅಂಕೆಯ ಮೇಲೆಯೇ ನೆಡುತ್ತದೆ, ಅಂಕೆ ಹದದಲ್ಲಿರುವುದರಿಂದ ಅವರು ಬೇರೆ ಕೆಲಸಕ್ಕೆ ತಿರುಗುತ್ತಾರೆ. ಗೋಪುರ ಉಕ್ಕಿದ ಮೇಲೆ ಬೋಧಕ ಕಾಲವನ್ನು ಹಿಂದಕ್ಕೆ ತಿರುಗಿಸಿ ಒಂದೇ ಪ್ರಶ್ನೆ ಕೇಳುತ್ತಾನೆ: ಗಂಟೆಗೆ ಇಷ್ಟು ಘನ ಮೀಟರ್ ಒಳಗೆ ಬಂದಿದೆ, ಒಂದು ಹನಿಯೂ ಹೊರಗೆ ಹೋಗಿಲ್ಲ, ಹಾಗಾದರೆ ಬಂದದ್ದು ಎಲ್ಲಿದೆ? ಈ ಪ್ರಶ್ನೆಗೆ ಉತ್ತರ ಕೊಡಲು ಯಾವ ಮಾಪಕವೂ ಬೇಡ, ಕೂಡುವ-ಕಳೆಯುವ ಲೆಕ್ಕ ಸಾಕು. ಒಂದು ಅಂಕೆಯನ್ನು ಇನ್ನೊಂದು ಅಂಕೆಯಿಂದ ಪರೀಕ್ಷಿಸುವ ಈ ಚಾಳಿ ಪುಸ್ತಕ ಓದಿದರೆ ಬರುವುದಿಲ್ಲ. ತಾನೇ ಗೋಪುರವನ್ನು ಉಕ್ಕಿಸಿದವನಿಗೆ ಬರುತ್ತದೆ.

ಅಲಾರಂಗಳದ್ದು ಬೇರೆಯೇ ಸಮಸ್ಯೆ. ವೇಲ್ಸ್‌ನ ಮಿಲ್ಫರ್ಡ್ ಹೇವನ್ ಶುದ್ಧೀಕರಣಾಗಾರದಲ್ಲಿ 1994ರ ಜುಲೈ 24ರಂದು ಸ್ಫೋಟಕ್ಕೆ ಮೊದಲಿನ ಕೊನೆಯ 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂಗಳು ಬಂದವು. ಸರಾಸರಿ ಎರಡೂವರೆ ಸೆಕೆಂಡಿಗೊಂದು. ಇಂಥ ಹೊತ್ತಿನಲ್ಲಿ ಮನುಷ್ಯ ಓದುವುದನ್ನು ಬಿಟ್ಟು ಸದ್ದು ಅಡಗಿಸುವ ಗುಂಡಿಯನ್ನು ಒತ್ತತೊಡಗುತ್ತಾನೆ. ಸಿಮ್ಯುಲೇಟರಿನಲ್ಲಿ ಇದೇ ಪ್ರವಾಹವನ್ನು ಹರಿಸಿದಾಗ, ಆಪರೇಟರ್ ಕಲಿಯುವುದಕ್ಕಿಂತ ಹೆಚ್ಚಾಗಿ ಕಂಪನಿಯೇ ಕಲಿಯುತ್ತದೆ: ಯಾವ ಅಲಾರಂ ಬೇಕಿಲ್ಲ, ಯಾವುದು ಇನ್ನೊಂದರ ಬಾಲ ಹಿಡಿದು ಬರುತ್ತದೆ, ಯಾವುದನ್ನು ಪರದೆಯ ಮೊದಲ ಸಾಲಿಗೆ ತರಬೇಕು ಎಂಬುದು ಅಲ್ಲಿ ಕಾಣುತ್ತದೆ. ಹೊಸ ಘಟಕ ಕಟ್ಟುವ ಮೊದಲೇ ಅದರ ಸಿಮ್ಯುಲೇಟರನ್ನು ಸಿದ್ಧಪಡಿಸಿ ನಿಯಂತ್ರಣ ವ್ಯವಸ್ಥೆಯ ದೋಷಗಳನ್ನು ಹುಡುಕುವ ರೂಢಿ ಇರುವುದು ಇದಕ್ಕಾಗಿಯೇ.

ಆದರೆ ಸಿಮ್ಯುಲೇಟರಿಗೆ ತಾನು ಬಲ್ಲದ್ದಷ್ಟೇ ಗೊತ್ತು. ಆಸ್ಟ್ರೇಲಿಯಾದ ಲಾಂಗ್‌ಫರ್ಡ್ ಅನಿಲ ಘಟಕದಲ್ಲಿ 1998ರ ಸೆಪ್ಟೆಂಬರ್ 25ರಂದು ಬಿಸಿ ಎಣ್ಣೆಯ ಹರಿವು ನಿಂತು, ಸದಾ ಬಿಸಿಯಾಗಿರಬೇಕಾದ ಶಾಖ ವಿನಿಮಯದ ಉಪಕರಣವೊಂದು ಸೊನ್ನೆಗಿಂತ 48 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಣಿದು ಹೊರಮೈಯಲ್ಲಿ ಹಿಮ ಕಟ್ಟಿತು. ಅಷ್ಟು ತಣಿದ ಉಕ್ಕು ಗಾಜಿನಷ್ಟು ಪೆಡಸಾಗಿರುತ್ತದೆ. ಅಲ್ಲಿದ್ದವರಿಗೆ ಅದು ತಿಳಿಯದೆ ಬಿಸಿ ಎಣ್ಣೆಯನ್ನು ಮರಳಿ ಹರಿಸಿದಾಗ ಉಪಕರಣ ಸೀಳಿತು, ಇಬ್ಬರು ಸತ್ತರು, ವಿಕ್ಟೋರಿಯಾ ರಾಜ್ಯ ಎರಡು ವಾರಕ್ಕೂ ಹೆಚ್ಚು ಕಾಲ ಅನಿಲವಿಲ್ಲದೆ ಪರದಾಡಿತು. ಸಾಮಾನ್ಯ ಪ್ರಕ್ರಿಯಾ ಸಿಮ್ಯುಲೇಟರಿಗೆ ಈ ಸ್ಥಿತಿಯನ್ನು ಕೊಟ್ಟರೆ ಅದು ಉಷ್ಣತೆಯನ್ನು ಸರಿಯಾಗಿಯೇ ಲೆಕ್ಕ ಹಾಕುತ್ತದೆ, ಬಿಸಿ ಎಣ್ಣೆ ಹರಿಸಿದರೆ ಉಷ್ಣತೆ ಮತ್ತೆ ಏರುವುದನ್ನೂ ತೋರಿಸುತ್ತದೆ, ಏಕೆಂದರೆ ಲೋಹ ಒಡೆಯುತ್ತದೆ ಎಂಬ ಮಾತು ಅದರ ಸಮೀಕರಣಗಳಲ್ಲಿ ಇರುವುದಿಲ್ಲ. ಅಂಥ ಸಿಮ್ಯುಲೇಟರಿನಲ್ಲಿ ಪಳಗಿದವನು ತಪ್ಪು ಕೆಲಸವನ್ನು ಧೈರ್ಯವಾಗಿ ಮಾಡಲು ಕಲಿತಿರುತ್ತಾನೆ. ಆದ್ದರಿಂದ ಅಭ್ಯಾಸದ ಕಥೆ ಬರೆಯುವ ಬೋಧಕ, ಘಟಕವನ್ನು ಕೈಯಾರೆ ನಡೆಸಿದವನಾಗಿರಬೇಕು; ಮಾದರಿ ಎಲ್ಲಿ ನಿಜವನ್ನು ಬಿಟ್ಟಿದೆ ಎಂದು ಹೇಳಬಲ್ಲವನು ಅವನೊಬ್ಬನೇ.

ಪೈಪರ್ ಆಲ್ಫಾ ದುರಂತ ಇನ್ನೊಂದು ಮಿತಿಯನ್ನು ತೋರಿಸುತ್ತದೆ. 1988ರ ಜುಲೈ 6ರಂದು ಉತ್ತರ ಸಮುದ್ರದ ಆ ತೈಲ ವೇದಿಕೆಯಲ್ಲಿ 167 ಜನ ಸತ್ತರು. ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷತಾ ವಾಲ್ವನ್ನು ದುರಸ್ತಿಗೆಂದು ಬಿಚ್ಚಿ ಆ ಜಾಗಕ್ಕೆ ತಾತ್ಕಾಲಿಕ ಮುಚ್ಚಳ ಹಾಕಿದ್ದರು. ಆ ಸುದ್ದಿ ರಾತ್ರಿ ಪಾಳಿಗೆ ತಲುಪಲಿಲ್ಲ. ಇನ್ನೊಂದು ಪಂಪು ನಿಂತಾಗ ರಾತ್ರಿಯವರು ಈ ಪಂಪನ್ನೇ ಚಾಲೂ ಮಾಡಿದರು, ಮುಚ್ಚಳದ ಜಾಗದಿಂದ ಸೋರಿದ್ದು ಹೊತ್ತಿಕೊಂಡಿತು. ಇಲ್ಲಿ ತಪ್ಪಿದ್ದು ದುರಸ್ತಿಯಂಥ ಕೆಲಸಕ್ಕೆ ಅನುಮತಿ ಕೊಡುವ ಪರವಾನಗಿ ಕಾಗದ ಮತ್ತು ಪಾಳಿ ಬದಲಾಗುವಾಗಿನ ಮಾತು, ಪರದೆಯ ಮುಂದಿನ ಕೈಚಳಕವಲ್ಲ. ಒಬ್ಬನನ್ನು ಕಂಪ್ಯೂಟರ್ ಮುಂದೆ ಕೂರಿಸಿ ಅಭ್ಯಾಸ ಮಾಡಿಸಿದರೆ ಈ ಬಗೆಯ ತಪ್ಪು ಎಂದೂ ಹೊರಬೀಳುವುದಿಲ್ಲ. ಒಂದು ಪಾಳಿಯವರು ಸಿಮ್ಯುಲೇಟರಿನಲ್ಲಿ ಅರ್ಧ ಕೆಲಸ ಮಾಡಿ, ಪರವಾನಗಿಯ ಕಾಗದಗಳೊಂದಿಗೆ ಅದನ್ನು ಇನ್ನೊಂದು ಪಾಳಿಗೆ ಒಪ್ಪಿಸಿ, ಆ ಪಾಳಿಯ ನಡುವೆ ಪಂಪು ನಿಲ್ಲುವಂತೆ ಮಾಡಿದಾಗ ಮಾತ್ರ ಹೇಳದೆ ಉಳಿದದ್ದು ಯಾವುದೆಂದು ಗೊತ್ತಾಗುತ್ತದೆ. ದುರಂತದ ತನಿಖೆ ನಡೆಸಿದ ಲಾರ್ಡ್ ಕಲೆನ್ 1990ರ ವರದಿಯಲ್ಲಿ 106 ಶಿಫಾರಸುಗಳನ್ನು ಮಾಡಿದರು. ಪರವಾನಗಿ ಪದ್ಧತಿಯೂ ತುರ್ತಿನಲ್ಲಿ ಆಜ್ಞೆ ಕೊಡುವವರ ಸಾಮರ್ಥ್ಯವೂ ಅದರಲ್ಲಿ ಚರ್ಚೆಯಾಗಿವೆ.

ಇಷ್ಟು ಹೊತ್ತು ಹೇಳಿದ್ದು ಮನುಷ್ಯರನ್ನು ತಯಾರು ಮಾಡುವ ಸಿಮ್ಯುಲೇಟರ್. ಜಾಗವನ್ನು ತಯಾರು ಮಾಡುವ ಇನ್ನೊಂದು ಬಗೆಯಿದೆ, ಅದು ನಮ್ಮ ಊರುಗಳಿಗೆ ಇನ್ನೂ ಹತ್ತಿರದ್ದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದ ಕೂಡಲೇ ನೆಲದ ಮೇಲೆ ಹರಿದು ಗಟಾರು, ತಗ್ಗುಗಳಲ್ಲಿ ನಿಲ್ಲುತ್ತದೆ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ, ಗಾಳಿಯಲ್ಲಿ ಅದರ ಪಾಲು ಶೇ 2ರ ಆಸುಪಾಸು ಮುಟ್ಟಿದರೆ ಕಿಡಿಯೊಂದು ಸಾಕು. 2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಉಣಕಲ್ ಬಳಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದ ಕೋಣೆಯಲ್ಲಿ ಸಿಲಿಂಡರಿನಿಂದ ಸೋರಿದ ಅನಿಲ ಹೊತ್ತಿಕೊಂಡದ್ದನ್ನು ಈ ಭಾಗದವರು ಮರೆತಿಲ್ಲ. ಒಂದು ಸಿಲಿಂಡರ್ ಅಷ್ಟು ಮಾಡಬಲ್ಲದಾದರೆ ದೊಡ್ಡ ಗೋಳಾಕಾರದ ಟ್ಯಾಂಕು ಸೋರಿದಾಗ ಮೋಡ ಎಲ್ಲಿಯವರೆಗೆ ಹರಡೀತು ಎಂಬುದನ್ನು ಮೊದಲೇ ಲೆಕ್ಕ ಹಾಕಿ ನಕ್ಷೆಯ ಮೇಲೆ ಬರೆಯುವುದೇ ಈ ಸಿಮ್ಯುಲೇಷನ್. ಗಾಳಿಯ ವೇಗ, ದಿಕ್ಕು, ವಾತಾವರಣದ ಸ್ಥಿರತೆ, ರಂಧ್ರದ ಅಳತೆ ಇವೆಲ್ಲ ಅದಕ್ಕೆ ಬೇಕು. ಮೇಲ್ನೋಟಕ್ಕೆ ಬಿರುಗಾಳಿಯೇ ಅಪಾಯವೆನಿಸಿದರೂ, ಗಾಳಿಯಾಡದ ರಾತ್ರಿ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅನಿಲವನ್ನು ಚದುರಿಸುವವರೇ ಇರುವುದಿಲ್ಲ. ಧಾರವಾಡದ ಮಳೆಗಾಲದ ಪಡುವಣ ಗಾಳಿಯಲ್ಲಿ ಬೇಗ ತೆಳುವಾಗುವ ಸೋರಿಕೆ, ಚಳಿಗಾಲದ ನಿಶ್ಚಲ ರಾತ್ರಿಯಲ್ಲಿ ಬೇಲಿ ದಾಟಿ ಪಕ್ಕದ ಬಡಾವಣೆಯವರೆಗೆ ತೆವಳಬಹುದು. ಬೆಂಕಿಯ ಶಾಖವನ್ನೂ ಹೀಗೆಯೇ ವರ್ತುಲಗಳಾಗಿ ಬರೆಯುತ್ತಾರೆ: ಚದರ ಮೀಟರಿಗೆ 4 ಕಿಲೋವಾಟ್ ಶಾಖ ಬೀಳುವಲ್ಲಿ ನಿಂತವನಿಗೆ ಇಪ್ಪತ್ತು ಸೆಕೆಂಡುಗಳೊಳಗೆ ಉರಿನೋವು ಶುರುವಾಗುತ್ತದೆ, 37.5 ಕಿಲೋವಾಟ್ ಬೀಳುವಲ್ಲಿ ಉಪಕರಣಗಳೇ ಹಾಳಾಗುತ್ತವೆ. ಕಚೇರಿ ಎಲ್ಲಿರಬೇಕು, ಕ್ಯಾಂಟೀನ್ ಎಲ್ಲಿ, ಓಡಿಹೋಗುವ ಬಾಗಿಲು ಯಾವ ದಿಕ್ಕಿಗೆ ಎಂಬುದನ್ನೆಲ್ಲ ಈ ವರ್ತುಲಗಳು ತೀರ್ಮಾನಿಸುತ್ತವೆ, ಅಥವಾ ತೀರ್ಮಾನಿಸಬೇಕು.

ಈ ಲೆಕ್ಕವೂ ಮೋಸ ಹೋಗಿದೆ. ಜೈಪುರದ ಸೀತಾಪುರದ ಪೆಟ್ರೋಲ್ ಡಿಪೋದಲ್ಲಿ 2009ರ ಅಕ್ಟೋಬರ್ 29ರ ಸಂಜೆ ಪೆಟ್ರೋಲ್ ಒಂದು ತಾಸಿಗೂ ಹೆಚ್ಚು ಹೊತ್ತು ಚಿಮ್ಮಿ, ಆವಿ ಇಡೀ ಆವರಣವನ್ನು ತುಂಬಿ ಸ್ಫೋಟಿಸಿತು. 11 ಜನ ಸತ್ತರು. ಅದಕ್ಕೆ ನಾಲ್ಕು ವರ್ಷ ಮೊದಲು ಇಂಗ್ಲೆಂಡಿನ ಬನ್ಸ್‌ಫೀಲ್ಡ್‌ನಲ್ಲೂ ಇಂಥದ್ದೇ ನಡೆದಿತ್ತು. ತೆರೆದ ಬಯಲಿನಲ್ಲಿ ಪೆಟ್ರೋಲ್ ಆವಿ ಇಷ್ಟು ಬಲವಾಗಿ ಸ್ಫೋಟಿಸುತ್ತದೆಂದು ಆವರೆಗಿನ ಮಾದರಿಗಳು ಎಣಿಸಿರಲಿಲ್ಲ. ಎರಡೂ ಘಟನೆಗಳ ನಂತರ ಮಾದರಿಗಳನ್ನು ತಿದ್ದಲಾಯಿತು.

ನಮ್ಮ ಎರೆಹೊಲದ ಅಡಿಯ ಕೊಳವೆಗೆ ಸಂಬಂಧಿಸಿದಂತೆ ಸಿಮ್ಯುಲೇಷನ್ ತರಬೇತಿಯ ಸಾಧನವಷ್ಟೇ ಅಲ್ಲ, ಕಾವಲುಗಾರನೂ ಹೌದು. ದ್ರವದ ಕೊಳವೆಯಲ್ಲಿ ಒಳಬಂದದ್ದಕ್ಕೂ ಹೊರಹೋದದ್ದಕ್ಕೂ ವ್ಯತ್ಯಾಸ ಬಂದರೆ ಸೋರಿಕೆಯೆಂದು ಬೇಗ ಅನುಮಾನಿಸಬಹುದು. ಅನಿಲ ಅಮುಕಿದರೆ ಅಮುಕಿಸಿಕೊಳ್ಳುತ್ತದೆ. ರಾತ್ರಿ ಬಳಕೆ ಕಡಿಮೆಯಾದಾಗ ಕೊಳವೆಯೊಳಗೇ ಹೆಚ್ಚು ಅನಿಲ ಶೇಖರವಾಗಿ ಒತ್ತಡ ಏರುತ್ತದೆ, ಬೆಳಿಗ್ಗೆ ಇಳಿಯುತ್ತದೆ. ಹೀಗಾಗಿ ಎರಡು ತುದಿಯ ಹರಿವಿನ ವ್ಯತ್ಯಾಸ ಮಾತ್ರದಿಂದ ಏನನ್ನೂ ಹೇಳಲಾಗದು. ಇದಕ್ಕಾಗಿ ಇಂಥ ಕೊಳವೆಮಾರ್ಗಗಳಲ್ಲಿ, ನಿಜವಾದ ಕೊಳವೆಯ ಜೊತೆಗೇ ಕಂಪ್ಯೂಟರಿನೊಳಗೆ ಅದರ ಪ್ರತಿರೂಪವನ್ನು ಹಗಲಿರುಳೂ ನಡೆಸುವ ವಿಧಾನವಿದೆ. ದಾರಿಯುದ್ದಕ್ಕೂ ಇರುವ ವಾಲ್ವ್ ಕೇಂದ್ರಗಳ ಒತ್ತಡ ಮತ್ತು ಉಷ್ಣತೆ ಅದಕ್ಕೆ ತಲುಪುತ್ತಿರುತ್ತವೆ; ಇಂತಿಷ್ಟು ಇರಬೇಕು ಎಂದು ಪ್ರತಿರೂಪ ಹೇಳುವ ಒತ್ತಡಕ್ಕೂ ನಿಜವಾದ ಒತ್ತಡಕ್ಕೂ ಅಂತರ ಬೆಳೆಯತೊಡಗಿದರೆ ಕಂಟ್ರೋಲ್ ರೂಮಿಗೆ ಎಚ್ಚರಿಕೆ ಹೋಗುತ್ತದೆ. ಟೆಕ್ಸಾಸ್ ಸಿಟಿಯ ಗೋಪುರದ ಮುಂದೆ ಕೇಳಬೇಕಾಗಿದ್ದ ಪ್ರಶ್ನೆಯನ್ನೇ ಇಲ್ಲಿ ಯಂತ್ರ ಬಿಡುವಿಲ್ಲದೆ ಕೇಳುತ್ತಿರುತ್ತದೆ. ಸಣ್ಣ ಸೋರಿಕೆಯನ್ನು ಮಾತ್ರ ಅದು ಹಿಡಿಯಲಾರದು, ಅನುಮತಿ ಕೇಳದೆ ಹೊಲ ಅಗೆಯುವ ಜೆಸಿಬಿಯನ್ನು ತಡೆಯಲಾರದು. ಅದಕ್ಕೆ ಕೊಳವೆಯ ದಾರಿಯಲ್ಲಿ ನಡೆಯುವ ಕಾವಲಿನವರು ಮತ್ತು ರೈತರೇ ಬೇಕು.

ಕನ್ನಡಕದ ಉಪಕರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಘಟಕದ ಒಳದಾರಿ, ವಾಲ್ವ್‌ಗಳ ಜಾಗ, ಹೊಗೆಯಲ್ಲಿ ಹೊರಬೀಳುವ ಬಾಗಿಲು ಇವುಗಳನ್ನು ಹೊಸಬರಿಗೆ ಪರಿಚಯಿಸಲು ಅದು ಒಳ್ಳೆಯದು. ಪ್ರದರ್ಶನದ ಮಳಿಗೆಗಳಲ್ಲಿ ಅದಕ್ಕೆ ಸಿಗುವ ಮನ್ನಣೆ ಅದರ ಉಪಯೋಗಕ್ಕಿಂತ ಸ್ವಲ್ಪ ಹೆಚ್ಚೆಂದು ನನ್ನ ಅಭಿಪ್ರಾಯ. ಕಣ್ಣಿಗೆ ಕಾಣಿಸುವುದರ ಬದಲು ದೇಹಕ್ಕೇ ಅಭ್ಯಾಸ ಕೊಡುವ ಸಾಧನಗಳೂ ಇವೆ. ಸಮುದ್ರದ ವೇದಿಕೆಗಳಿಗೆ ಹೋಗುವವರನ್ನು ಹೆಲಿಕಾಪ್ಟರಿನ ನಕಲು ಕೋಣೆಯಲ್ಲಿ ಕೂರಿಸಿ, ಅದನ್ನು ಕೊಳದಲ್ಲಿ ಮುಳುಗಿಸಿ ಬುಡಮೇಲು ಮಾಡಿ, ಪಟ್ಟಿ ಬಿಚ್ಚಿಕೊಂಡು ಕಿಟಕಿಯಿಂದ ಹೊರಬರುವುದನ್ನು ಕಲಿಸುತ್ತಾರೆ. ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯ ಸುರಕ್ಷತಾ ಸಂಸ್ಥೆ ಇರುವ ಗೋವಾದ ಬೇತುಲ್ ನಮಗೆ ಘಟ್ಟ ಇಳಿದರೆ ಸಿಗುವಷ್ಟು ಹತ್ತಿರದಲ್ಲಿದೆ.

ಯಾವ ಬಗೆಯ ಸಿಮ್ಯುಲೇಟರ್ ಆದರೂ, ಕಲಿಕೆಯ ದೊಡ್ಡ ಪಾಲು ಯಂತ್ರ ನಿಂತ ಮೇಲೆ ನಡೆಯುತ್ತದೆ. ಏನು ಕಂಡೆ, ಏನೆಂದುಕೊಂಡೆ, ಯಾರಿಗೆ ಹೇಳಿದೆ ಎಂದು ಎಲ್ಲರೂ ಕುಳಿತು ಮಾತಾಡುವ ಆ ಅರ್ಧ ತಾಸು ಇಲ್ಲದಿದ್ದರೆ ಉಳಿದದ್ದು ವಿಡಿಯೊ ಆಟವಾಗುತ್ತದೆ. ಅಭ್ಯಾಸದ ದಾಖಲೆಯನ್ನು ಬಡ್ತಿಗೋ ಶಿಕ್ಷೆಗೋ ಬಳಸುವ ಕಂಪನಿಯಲ್ಲಿ ಅಂಥ ಮಾತು ಹುಟ್ಟುವುದಿಲ್ಲ. ಎಲ್ಲರೂ ಕೊಡಬೇಕಾದ ಉತ್ತರವನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಬರುತ್ತಾರೆ.

ಕಲಿಯಲು ಕೋಟಿಗಟ್ಟಲೆ ಹಣ ಬೇಕೆಂದೂ ಇಲ್ಲ. ಡಿಡಬ್ಲ್ಯೂಸಿಮ್ ಎಂಬ ಪ್ರಕ್ರಿಯಾ ಸಿಮ್ಯುಲೇಟರ್ ಉಚಿತವಾಗಿ ಸಿಗುತ್ತದೆ. ಮುಕ್ತ ತಂತ್ರಾಂಶಗಳನ್ನು ಬೆಳೆಸುವ ಐಐಟಿ ಬಾಂಬೆಯ ಫಾಸಿ ಯೋಜನೆ ಅದನ್ನು ದೇಶದ ಕಾಲೇಜುಗಳಲ್ಲಿ ಹರಡುತ್ತಿದೆ. ಸೋರಿದ ಅನಿಲ ಹರಡುವ ದೂರವನ್ನು ಅಂದಾಜಿಸಲು ಅಮೆರಿಕದ ಸರ್ಕಾರಿ ಸಂಸ್ಥೆಗಳು ರೂಪಿಸಿದ ಅಲೋಹಾ ತಂತ್ರಾಂಶವೂ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಧಾರವಾಡ ಅಥವಾ ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ತನ್ನ ಊರಿನ ಗಾಳಿಯ ಅಂಕಿಗಳನ್ನು ಅದಕ್ಕೆ ಕೊಟ್ಟು, ಹೆದ್ದಾರಿಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿದರೆ ಎಷ್ಟು ದೂರದವರೆಗಿನ ಜನರನ್ನು ಮೊದಲು ಎಬ್ಬಿಸಬೇಕು ಎಂಬ ನಕ್ಷೆಯನ್ನು ಒಂದೇ ಸಂಜೆಯಲ್ಲಿ ಬಿಡಿಸಬಹುದು.

ನನಗೆ ಕೊರತೆ ಕಾಣುವುದು ಬೇರೆ ಕಡೆ. ಟೆಕ್ಸಾಸ್ ಸಿಟಿಯಲ್ಲಿ ಸತ್ತ ಹದಿನೈದೂ ಜನ ಗುತ್ತಿಗೆ ಕಾರ್ಮಿಕರು. ಗೋಪುರ ಶುರು ಮಾಡುವ ಕೆಲಸಕ್ಕೂ ಅವರಿಗೂ ಸಂಬಂಧವಿರಲಿಲ್ಲ, ಸಮೀಪದ ತಾತ್ಕಾಲಿಕ ಕಚೇರಿಗಳಲ್ಲಿ ಮತ್ತು ಅವುಗಳ ಸುತ್ತಮುತ್ತ ಇದ್ದರು. ನಮ್ಮಲ್ಲಿ ಸಿಮ್ಯುಲೇಟರಿನ ಮುಂದೆ ಕೂರುವುದು ಸಾಮಾನ್ಯವಾಗಿ ಕಾಯಂ ನೌಕರನಾದ ಆಪರೇಟರ್. ಟ್ಯಾಂಕಿನೊಳಗೆ ಇಳಿದು ಕೆಸರು ಬಳಿಯುವವನು, ವೆಲ್ಡಿಂಗ್ ಮಾಡುವವನು, ಅಟ್ಟಣಿಗೆ ಕಟ್ಟುವವನು ಗುತ್ತಿಗೆಯವನು. ಅವನಿಗೆ ಸಿಗುವುದು ಗೇಟಿನಲ್ಲಿ ತೋರಿಸುವ ಒಂದು ವಿಡಿಯೊ, ಅದೂ ಹೆಚ್ಚಾಗಿ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಗದಗ, ಹಾವೇರಿಯ ಹಳ್ಳಿಯಿಂದ ಹೋದವನಿಗೆ ಅದರಲ್ಲಿ ಎಷ್ಟು ತಲುಪುತ್ತದೆಂದು ಯಾರೂ ಕೇಳುವುದಿಲ್ಲ.

ಅವನಿಗೆ ಬೇಕಾದ ಅಭ್ಯಾಸಕ್ಕೆ ಬಳಕೆಯಲ್ಲಿಲ್ಲದ ಒಂದು ಖಾಲಿ ಟ್ಯಾಂಕು, ಒಂದು ಬೊಂಬೆ, ಮತ್ತು ಒಂದು ನಕಲಿ ಗ್ಯಾಸ್ ಡಿಟೆಕ್ಟರ್ ಸಾಕು. ಈ ಡಿಟೆಕ್ಟರಿನ ಅಂಕೆಗಳು ಅನಿಲವಿಲ್ಲದೆಯೇ ಬೋಧಕನ ಕೈಯಿಂದ ಬದಲಾಗುತ್ತವೆ. ಆಮ್ಲಜನಕ ಶೇ 20.9 ಎಂದು ತೋರಿಸುತ್ತಿದ್ದದ್ದು 19.5ಕ್ಕಿಂತ ಕೆಳಗಿಳಿದಾಗ ಒಳಗಿನವನು ಹೊರಗೆ ಬರುತ್ತಾನೋ, ಇನ್ನೆರಡು ಬುಟ್ಟಿ ಕೆಸರಿಗಾಗಿ ನಿಲ್ಲುತ್ತಾನೋ ಎಂಬುದು ಅಭ್ಯಾಸದ ಮೊದಲ ಭಾಗ. ಎರಡನೆಯದು ಇನ್ನೂ ಕಷ್ಟದ್ದು. ಒಳಗೆ ಬೊಂಬೆ ಬಿದ್ದಿದೆ. ಮ್ಯಾನ್‌ಹೋಲ್ ಬಳಿ ಕಾವಲು ನಿಂತವನಿಗೆ ಅದು ತನ್ನ ಊರಿನವನೆಂದು ಹೇಳಲಾಗಿದೆ. ಮುಚ್ಚಿದ ಜಾಗಗಳ ಅಪಘಾತಗಳಲ್ಲಿ ರಕ್ಷಿಸಲು ಹಿಂದೆಯೇ ಇಳಿದವರು ಸಾಯುವುದು ಮತ್ತೆ ಮತ್ತೆ ಕಂಡುಬಂದಿದೆ. ಕಾವಲಿನವನು ಇಳಿಯಬಾರದು; ಸೈರನ್ ಒತ್ತಬೇಕು, ಬಿದ್ದವನ ಮೈಗೆ ಬಿಗಿದ ಸುರಕ್ಷತಾ ಪಟ್ಟಿಗೆ ಕಟ್ಟಿದ ಹಗ್ಗವನ್ನು ಹೊರಗಿನಿಂದಲೇ ಎಳೆಯಬೇಕು, ಉಸಿರಾಟದ ಉಪಕರಣ ಹೊತ್ತವರು ಬರುವವರೆಗೆ ಅಲ್ಲಿಯೇ ನಿಲ್ಲಬೇಕು. ಹಾಗೆ ನಿಲ್ಲುವುದು ಮನುಷ್ಯನ ಸ್ವಭಾವಕ್ಕೆ ವಿರುದ್ಧವಾದ್ದರಿಂದ, ಅದನ್ನು ಹಲವು ಸಲ ಮಾಡಿಸಿಯೇ ಕಲಿಸಬೇಕಾಗುತ್ತದೆ.